ಕರ್ಪೊನ ಬಾಲದ ಪ್ರಕರಣ

೨೦೧೨ನೇ ಇಸವಿ ಸೆಪ್ಟೆಂಬರ್ ನಾಲ್ಕು, ಮಂಗಳವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಸ್ಪಿತಿ ಕಣಿವೆಯ ಸುಮ್‌ಥಂಗ್ ಪೊಲೀಸ್ ಠಾಣೆಯ ಅಂಗಳಕ್ಕೆ ಮೊದಲು ಒಂದು ಚಮರಿ ಗೂಳಿ ಬಂತು. ಅದರ ಹಿಂದೆ ಹಗ್ಗ ಹಿಡಿದುಕೊಂಡು ಅದರ ಯಜಮಾನ ಬಂದ.

ಯಜಮಾನನ ಹೆಸರು ಚೋಫೆಲ್. ಊರು ಲುಂಗ್ಮೆ, ವಯಸ್ಸು ಐವತ್ತೆಂಟು. ಅಲ್ಲಿನ ಬೌದ್ಧ ಮಠವಾದ ಗೊಂಪಾದಲ್ಲಿ ಪ್ರತಿವರ್ಷ ಬಟಾಣಿ ಕಟಾವು ಮುಗಿದ ಮೇಲೆ ನಡೆಯುವ ಮುಖವಾಡದ ಕುಣಿತಕ್ಕೆ ಒಂದು ಸಮಿತಿಯಿದೆ. ಆ ಸಮಿತಿಗೆ ಈತ ಅಧ್ಯಕ್ಷ. ಈತ ನಕ್ಕದ್ದನ್ನು ಕಂಡವರು ಊರಿನಲ್ಲಿ ಕಡಿಮೆ.

ಇನ್‌ಸ್ಪೆಕ್ಟರ್ ತಂಡುಪ್ ರಪ್ತನ್ ಉಪ್ಪು ಚಹಾದ ಬಟ್ಟಲನ್ನು ಕೆಳಗಿಟ್ಟು ಹೊರಗೆ ಬಂದರು.

"ಏನಾಯ್ತು ಅಚೊ?" ಎಂದರು, ಅಣ್ಣ ಎನ್ನುವ ಅಲ್ಲಿನ ಮಾತಿನಲ್ಲಿ.

"ಕಳ್ಳತನ ಆಗಿದೆ ಸಾಹೇಬ್ರೆ. ಸಾಕ್ಷೀನ ನಡೆಸ್ಕೊಂಡೇ ಬಂದಿದೀನಿ."

"ಏನು ಹೋಗಿದೆ?"

ಚೋಫೆಲ್ ಗೂಳಿಯನ್ನು ತಿರುಗಿಸಿ ನಿಲ್ಲಿಸಿದ. ಸುತ್ತಲ ಮೂರು ಊರುಗಳಲ್ಲಿ ಬಿಳಿ ಚಮರಿ ಅಂದರೆ ಇದೊಂದೇ. ಅದಕ್ಕೇ ಅದರ ಹೆಸರು ಕರ್ಪೊ, ಬಿಳಿಯ. ಗೊರಸಿನವರೆಗೆ ಇಳಿಬಿದ್ದಿರಬೇಕಾದ ಅದರ ಬಾಲದ ಕುಚ್ಚು ಸವೆದ ಪೊರಕೆಯಂತೆ ಮೊಂಡಾಗಿತ್ತು.

ಹೆಡ್ ಕಾನ್‌ಸ್ಟೆಬಲ್ ಅಂಗ್ರುಪ್ ಮೀಸೆಯೊಳಗೇ ನಗು ನುಂಗಿಕೊಂಡು ಎಫ್‌ಐಆರ್ ಪುಸ್ತಕ ತೆರೆದ. ನಿವೃತ್ತಿಗೆ ಆರು ವರ್ಷ ಉಳಿದಿದ್ದ ಅವನಿಗೆ ಇಂಥದ್ದು ಇದೇ ಮೊದಲು.

"ಸಾಹೇಬ್ರೆ, ಬಾಲ ಅಂಗವೋ ಆಸ್ತಿಯೋ? ಅಂಗ ಆದ್ರೆ ನಾನೂರ ಇಪ್ಪತ್ತೊಂಬತ್ತು. ಆಸ್ತಿ ಆದ್ರೆ ಮುನ್ನೂರ ಎಪ್ಪತ್ತೊಂಬತ್ತು."

"ಬಾಲ ಅಲ್ಲೇ ಇದೆಯಲ್ಲ. ಹೋಗಿರೋದು ಕೂದಲು. ಕೂದಲು ಆಸ್ತಿ. ಮುನ್ನೂರ ಎಪ್ಪತ್ತೊಂಬತ್ತು ಬರಿ."

"ಬರೀ ಕೂದಲು ಅನ್ಬೇಡಿ. ಅದು ಮರ್ಯಾದೆ," ಎಂದ ಚೋಫೆಲ್.

"ಮರ್ಯಾದೆಗೆ ಬೇರೆ ಸೆಕ್ಷನ್. ಬಾಲ ಕೊನೆಗೆ ಯಾವಾಗ ನೋಡಿದ್ದು?"

"ನಿನ್ನೆ ಮಧ್ಯಾಹ್ನ ಹನ್ನೆರಡಕ್ಕೆ. ಸಮಿತಿ ಮೀಟಿಂಗ್‌ಗೆ ಹೋದೆ. ನಾಲ್ಕಕ್ಕೆ ಬಂದು ನೋಡಿದ್ರೆ ಹೀಗೆ."

"ಯಾರ ಮೇಲೆ ಅನುಮಾನ?"

"ಎಲ್ರ ಮೇಲೂ."

"ಹೆಸರು ಹೇಳಿ."

"ಊರಲ್ಲಿ ನಲವತ್ತೆರಡು ಮನೆ. ಬರ್ಕೊಳ್ತೀರಾ?"

ಅಪರಾಧ ಸಂಖ್ಯೆ ೭/೨೦೧೨ ದಾಖಲಾಯಿತು. ಅಷ್ಟರಲ್ಲಿ ಅಂಗಳದಿಂದ ಮಹಿಳಾ ಕಾನ್‌ಸ್ಟೆಬಲ್ ಬುತಿತ್ ಕೂಗಿಕೊಂಡಳು. ರಸ್ತೆ ಸುರಕ್ಷತೆಯ ಭಿತ್ತಿಪತ್ರವನ್ನು ಅವಳು ಹಿಂದಿನ ದಿನವಷ್ಟೇ ಹಿಟ್ಟಿನ ಅಂಟು ಕಾಯಿಸಿ ಗೋಡೆಗೆ ಹಚ್ಚಿದ್ದಳು. ಕರ್ಪೊ ಅದನ್ನು ಅರ್ಧಕ್ಕೆ ಹರಿದು ತಿಂದಿತ್ತು, ಉಳಿದರ್ಧವನ್ನು ಕಣ್ಣು ಮುಚ್ಚಿಕೊಂಡು ನೆಕ್ಕುತ್ತಿತ್ತು.

"ಅಂಟು ಅಂದ್ರೆ ಪ್ರಾಣ ಇವನಿಗೆ," ಎಂದ ಚೋಫೆಲ್, ಹೆಮ್ಮೆಯಿಂದ.

ಅದೇ ದಿನ ಹನ್ನೆರಡೂವರೆಗೆ ಲುಂಗ್ಮೆಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಇಬ್ಬರು ಪಂಚರು ಬಂದು ನಿಂತರು. ಉಳಿದ ಬಾಲದ ಅಳತೆ ತೆಗೆಯಲೆಂದು ಅಂಗ್ರುಪ್ ಟೇಪು ಹಿಡಿದು ಹಿಂದಿನಿಂದ ಹೋದ. ಕರ್ಪೊ ಒಂದೇ ಒದೆ ಕೊಟ್ಟಿತು. ಅಂಗ್ರುಪ್ ಹುಲ್ಲಿನ ರಾಶಿಯೊಳಗೆ ಕೂತುಕೊಂಡೇ, "ಅಳತೆ ಅಂದಾಜು ಒಂದೂವರೆ ಗೇಣು ಅಂತ ಬರ್ಕೊಳ್ಳೇ ಬುತಿತ್," ಎಂದ.

"ಇವನ ಹತ್ತಿರ ಯಾರು ಹೋಗಬಹುದು?" ಇನ್‌ಸ್ಪೆಕ್ಟರ್ ಕೇಳಿದರು.

"ನಾನೊಬ್ಬನೇ. ನನ್ನ ಹೆಂಡ್ತೀನೂ ಸೇರ್ಸಲ್ಲ," ಎಂದ ಚೋಫೆಲ್.

ಕತ್ತರಿಯ ಗುರುತು ನೇರವಾಗಿತ್ತು, ಒಂದೇ ಸಲಕ್ಕೆ ಕತ್ತರಿಸಿದ್ದು. ಅಂದರೆ ಗೂಳಿ ಅಲುಗಾಡದೆ ನಿಂತಿತ್ತು. ಕಳ್ಳ ಅದಕ್ಕೆ ಪರಿಚಯದವನು. ಇನ್‌ಸ್ಪೆಕ್ಟರ್ ಇಷ್ಟನ್ನು ಡೈರಿಯಲ್ಲಿ ಬರೆದುಕೊಂಡರು.

ಕೊಟ್ಟಿಗೆಯ ಹೊರಗೋಡೆಯ ತುಂಬ ಬೆರಣಿ ತಟ್ಟಿತ್ತು. ಚೋಫೆಲ್‌ನ ಹೆಂಡತಿ ಅಚ್ಚುಕಟ್ಟಿನವಳು. ದಿನಕ್ಕೊಂದು ಸಾಲಿನಂತೆ ಎಡದಿಂದ ಬಲಕ್ಕೆ ತಟ್ಟಿಕೊಂಡು ಹೋಗಿದ್ದಳು. ಬುತಿತ್ ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತಳು.

"ಸಾಹೇಬ್ರೆ, ಈ ಒಂದು ಸಾಲು ಕೆಂಪಗಿದೆ."

ಕೊನೆಯ ಸಾಲಿನಿಂದ ಹಿಂದಕ್ಕೆ ಎಣಿಸಿದರೆ ಅದು ಆಗಸ್ಟ್ ಮೂವತ್ತರದ್ದು.

"ಓ ಅದಾ," ಎಂದ ಚೋಫೆಲ್. "ಅವತ್ತು ಇವನ ಹೊಟ್ಟೆ ಕೆಟ್ಟಿತ್ತು. ರಕ್ತ ಅಂತ ಹೆದರಿ ಪಶು ಡಾಕ್ಟರಿಗೆ ಫೋನ್ ಮಾಡ್ದೆ. ರಕ್ತ ಆದ್ರೆ ಒಣಗಿದ ಮೇಲೆ ಕಪ್ಪಾಗ್ಬೇಕು, ಕೆಂಪಗೇ ಉಳಿದ್ರೆ ಚಿಂತೆ ಬೇಡ ಅಂದ್ರು. ಚಿಂತೆ ಬಿಟ್ಟೆ."

ಇನ್‌ಸ್ಪೆಕ್ಟರ್ ಒಂದು ಬೆರಣಿಯನ್ನು ಮುರಿದರು. ಒಳಗೆ ಉಗುರಿನಷ್ಟು ದೊಡ್ಡ ಬಟ್ಟೆಯ ಚೂರು ಇತ್ತು. ಒಂದರ ಮೇಲೊಂದು ಅಂಟಿಸಿದ ಹಲವು ಪದರ, ಮೇಲಿನ ಪದರದಲ್ಲಿ ಚಿನ್ನದ ಬಣ್ಣದ ಒಂದು ಗೆರೆ. ಎರಡು ಬೆರಣಿಗಳನ್ನು ಜಪ್ತಿ ಮಾಡಿ ಮೊಹರು ಹಾಕಲಾಯಿತು. ಸಹಿ ಹಾಕುವಾಗ ಪಂಚರಲ್ಲಿ ಒಬ್ಬ, "ನನ್ನ ಮನೇಲೂ ಇನ್ನೂರು ಇದಾವೆ ಸಾಹೇಬ್ರೆ, ಬೇಕಾದ್ರೆ ಚಳಿಗಾಲಕ್ಕೆ ಜಪ್ತಿ ಮಾಡ್ಕೊಳ್ಳಿ," ಎಂದ.

ಮರುದಿನ, ಐದನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಇನ್‌ಸ್ಪೆಕ್ಟರ್ ಮೊಹರು ಒಡೆಸಿ, ಆ ಚೂರನ್ನೂ ಚಿಟಿಕೆ ಕೆಂಪು ಪುಡಿಯನ್ನೂ ತೆಗೆದುಕೊಂಡು ಗೊಂಪಾಕ್ಕೆ ಹತ್ತಿದರು. ಅಲ್ಲಿ ಲಾಮಾ ತಾರ್ಚಿನ್ ಇದ್ದರು. ಗೋಡೆಯ ಚಿತ್ರಗಳಿಗೆ ಬಣ್ಣ ಹಾಕುವವರೂ ಅವರೇ, ಉಗ್ರಾಣದ ಕೀಲಿ ಅವರ ಸೊಂಟದಲ್ಲೇ. ಪುಡಿಯನ್ನು ಅಂಗೈಯಲ್ಲಿ ಸುರಿದುಕೊಂಡು, ನೀರು ಹನಿಸಿ, ಹೆಬ್ಬೆರಳಿನಿಂದ ಉಜ್ಜಿ ಕಿಟಕಿಯ ಬೆಳಕಿಗೆ ಹಿಡಿದರು.

"ಇಂಗಳೀಕ. ಕಲ್ಲು ಅರೆದು ಮಾಡಿದ್ದು. ಅಂಗಡಿ ಬಣ್ಣ ಆಗಿದ್ರೆ ಯಾವಾಗ್ಲೋ ಮಾಸಿ ಹೋಗಿರೋದು. ಎಲ್ಲಿ ಸಿಕ್ತು?"

"ಮೊದ್ಲು ಕೈ ತೊಳ್ಕೊಳ್ಳಿ ಲಾಮಾಜಿ. ಆಮೇಲೆ ಹೇಳ್ತೀನಿ. ಈ ಬಟ್ಟೆ?"

ಲಾಮಾ ಪದರಗಳನ್ನು ಉಗುರಿನಿಂದ ಬಿಡಿಸಿ ಎಣಿಸಿದರು. ಏಳು. "ತೊಗಲು ಬೇಯಿಸಿ ತೆಗೆದ ಸರೇಸಿನಲ್ಲಿ ಅದ್ದಿ ಅದ್ದಿ ಜೇಡಿಮಣ್ಣಿನ ಅಚ್ಚಿನ ಮೇಲೆ ಹಾಕಿರೋದು. ಒಣಗಿದ ಮೇಲೆ ಮಣ್ಣು ಒಡೆದು ತೆಗೀತಾರೆ, ಬಟ್ಟೆ ಮಾತ್ರ ಮುಖ ಆಗಿ ಉಳಿಯುತ್ತೆ. ಸಾಹೇಬ್ರೆ, ಇದು ಮುಖವಾಡದ ಚೂರು."

ಇಬ್ಬರೂ ಉಗ್ರಾಣಕ್ಕೆ ಹೋದರು. ಕೋರೆಹಲ್ಲಿನ ಕಾವಲು ದೇವರುಗಳು, ಜಿಂಕೆ, ಹದ್ದು, ತಲೆಬುರುಡೆಗಳು ಸಾಲಾಗಿ ಗೂಟಗಳಲ್ಲಿ ತೂಗುತ್ತಿದ್ದವು. ಒಂದು ಗೂಟ ಮಾತ್ರ ಖಾಲಿ.

"ಇಲ್ಲಿ ಯಾರು?"

"ನಗುವ ಮುದುಕ. ಕೆನ್ನೆ ಬಿರುಕು ಬಿಟ್ಟಿತ್ತು, ಗಡ್ಡ ಅಲ್ಲಲ್ಲಿ ಉದುರಿತ್ತು. ದುರಸ್ತಿಗೆ ಮೆಮೆ ಇಶೆ, ಅದೇ ಮುಖವಾಡ ಮಾಡೋ ಇಶೆ ಅಜ್ಜ, ಅವರ ಮನೆಗೆ ಕಳಿಸಿದ್ವಿ. ಅವರಪ್ಪನೇ ಮಾಡಿದ್ದು ಅದನ್ನ, ಎಂಬತ್ತು ವರ್ಷದ ಮೇಲಾಯ್ತು. ಆದ್ರೆ ಮೆಮೆ ಊರಲ್ಲಿಲ್ಲ, ಕಣ್ಣಿನ ಪೊರೆ ತೆಗೆಸೋಕೆ ಹೋಗಿದಾರೆ. ಸೊಸೆ ಪಾಲ್ಕಿತ್ ನೋಡ್ಕೊಳ್ತಿದಾಳೆ. ಹನ್ನೊಂದನೇ ತಾರೀಖಿಗೆ ಕೊಡ್ತೀನಿ ಅಂತ ಹೇಳಿ ಕಳಿಸಿದಾಳೆ."

"ಹದಿಮೂರಕ್ಕೆ ಕುಣಿತ ಅಲ್ವಾ? ಅದು ಬರದಿದ್ರೆ?"

"ಹಾಗನ್ಬೇಡಿ. ಇವೆಲ್ಲ ಹೆದರಿಸೋವು. ನಗಿಸೋನು ಅವನೊಬ್ಬನೇ. ಅವನು ಬರದಿದ್ರೆ ಮಕ್ಕಳು ಅಳ್ತಾವೆ, ಮುದುಕೀರು ನಮ್ಮನ್ನ ಬೈತಾರೆ." ಲಾಮಾ ಧ್ವನಿ ಇಳಿಸಿದರು. "ಚೋಫೆಲ್ ಬೇರೆ ಬೇಸಿಗೆಯಿಂದ ಹೇಳ್ತಾನೇ ಇದಾನೆ, ಮೊನ್ನೆ ಮೀಟಿಂಗ್‌ನಲ್ಲೂ ಹೇಳಿದ. ಹಳೇವು ಭಾರ, ಹುಳ ಹಿಡೀತವೆ, ಬಯಲುಸೀಮೆಯಿಂದ ಫೈಬರ್ ಮುಖವಾಡ ತರ್ಸೋಣ, ನಲ್ಲಿ ಕೆಳಗೆ ಹಿಡಿದು ತೊಳೀಬಹುದು ಅಂತ. ಒಂದು ಹಾಳಾಯ್ತು ಅಂತ ಗೊತ್ತಾದ್ರೆ ಸಾಕು, ಲಾರೀಲಿ ಇಳಿಸ್ತಾನೆ."

ಮಧ್ಯಾಹ್ನ ಎರಡೂಕಾಲಿಗೆ ತಂಡ ಮೆಮೆ ಇಶೆಯ ಮನೆ ತಲುಪಿತು. ಮನೆ ಇಳಿಜಾರಿನಲ್ಲಿ, ಚೋಫೆಲ್‌ನ ಕೊಟ್ಟಿಗೆಯ ನೇರ ಕೆಳಗೆ ಇತ್ತು. ಮೇಲಿನ ಕಾಲುದಾರಿಯಿಂದ ಒಂದು ಹೆಜ್ಜೆ ಇಟ್ಟರೆ ಅದರ ಮಣ್ಣಿನ ಮಾಳಿಗೆ. ಇನ್‌ಸ್ಪೆಕ್ಟರ್ ಬಾಗಿಲಿಗೆ ಹೋಗುವ ಮೊದಲು ಮಾಳಿಗೆಗೆ ಹೋದರು. ಅಲ್ಲಿ ಗೊರಸಿನ ಗುರುತು ಆಳವಾಗಿ ಒಣಗಿತ್ತು. ಗೊರಸುಗಳು ನೇರ ಬಂದು ಒಂದು ಕಡೆ ಬಹಳ ಹೊತ್ತು ನಿಂತಿದ್ದವು.

ಪಾಲ್ಕಿತ್ ಒಲೆಯ ಮುಂದೆ ಕೂತಿದ್ದಳು. ಮೂವತ್ತಾರರ ಹೆಣ್ಣು, ಉಗುರುಗಳ ಸುತ್ತ ಕಂದು ಅಂಟು ಹಿಡಿದಿತ್ತು. ಗಂಡ ಹೇಸರಗತ್ತೆಗಳ ಜೊತೆ ಕಣಿವೆಯ ಆಚೆಗೆ ಹೋಗಿದ್ದ. ಪೊಲೀಸರನ್ನು ಕಂಡು ಅವಳು ಗಾಬರಿಯಾಗಲಿಲ್ಲ. ಬಟ್ಟಲು ಒರೆಸಿ ಚಹಾ ಬಗ್ಗಿಸಿದಳು.

"ಮುಖವಾಡ ಎಲ್ಲಿ ನೊಮೊ?" ಇನ್‌ಸ್ಪೆಕ್ಟರ್ ತಂಗಿಯನ್ನು ಕೇಳುವಂತೆ ಕೇಳಿದರು.

"ಒಣಗ್ತಾ ಇದೆ."

"ನೋಡಬಹುದಾ?"

"ಹಸಿ ಇದೆ. ಗಾಳಿ ತಾಗಿದ್ರೆ ಬಿರಿಯುತ್ತೆ."

"ಒಂದು ಕೆನ್ನೆ ಬಿರುಕಿಗೆ ಇಷ್ಟು ದಿನ ಬೇಕಾ?"

"ಸರಿಯಾಗಿ ಮಾಡೋರಿಗೆ ಬೇಕು."

"ಒಲೆ ಮೇಲೇನು?"

"ಸರೇಸು."

"ಎಷ್ಟು ದಿನದಿಂದ ಕಾಯಿಸ್ತಾ ಇದೀಯಾ?"

"ಮದುವೆ ಆದಾಗಿಂದ. ಹದಿನಾಲ್ಕು ವರ್ಷ ಆಯ್ತು."

ಅಂಗ್ರುಪ್‌ನ ಗಂಟಲಿನಲ್ಲಿ ಚಹಾ ಸಿಕ್ಕಿಕೊಂಡಿತು. ಇನ್‌ಸ್ಪೆಕ್ಟರ್ ಮುಂದಿನ ಪ್ರಶ್ನೆ ಕೇಳುವಷ್ಟರಲ್ಲಿ ಬಾಗಿಲು ಕತ್ತಲಾಯಿತು. ಚೋಫೆಲ್ ಈಗ ಕರ್ಪೊನನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡುತ್ತಿರಲಿಲ್ಲ; ಪೊಲೀಸರು ಇಳಿದದ್ದು ಕಂಡು ಅದನ್ನೂ ಎಳೆದುಕೊಂಡೇ ಬಂದಿದ್ದ. ಈಗ ಎಳೆಯುತ್ತಿದ್ದದ್ದು ಕರ್ಪೊ. ಅಂಗ್ರುಪ್ ಒಂದೇ ನೆಗೆತಕ್ಕೆ ಕಂಬದ ಹಿಂದೆ ಸೇರಿಕೊಂಡ. ಗೂಳಿ ಅವನತ್ತ ನೋಡಲೂ ಇಲ್ಲ. ಅರ್ಧ ಮೈ ಒಳಗೆ ತೂರಿಸಿ, ನೇರ ಪಾಲ್ಕಿತ್‌ಳ ಬಳಿ ಹೋಗಿ, ಅವಳ ಎರಡೂ ಅಂಗೈಗಳನ್ನು ಕರುವಿನಂತೆ ನೆಕ್ಕತೊಡಗಿತು.

"ಹೋಗೋ ಹೊಟ್ಟೆಬಾಕ!" ಎಂದು ಅವಳು ಅದರ ಹಣೆಗೆ ತಳ್ಳಿದಳು. ಆಮೇಲೆ ತಲೆ ಎತ್ತಿ ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ನಿಮ್ಮಿಬ್ಬರ ಪರಿಚಯ ಹಳೇದು," ಎಂದರು ಇನ್‌ಸ್ಪೆಕ್ಟರ್.

ಪಾಲ್ಕಿತ್ ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು. ಎದ್ದು ಹೋಗಿ ಒಳಕೋಣೆಯ ಬಾಗಿಲು ತೆರೆದಳು.

ಕಿಟಕಿಯ ಕೆಳಗೆ ಹಲಗೆಯ ಮೇಲೆ ಮುಖವಾಡ ಕೂತಿತ್ತು. ಬಿಳಿಯ ಸುದ್ದೆ ಬಳಿದು ಮುಗಿದಿತ್ತು, ಕೆನ್ನೆಗೆ ಇಂಗಳೀಕ ಏರಿತ್ತು, ಹಣೆಗೆ ಇನ್ನೂ ಬಣ್ಣ ಬಿದ್ದಿರಲಿಲ್ಲ. ಕಣ್ಣುಗಳು ನಗುವಿನ ಭಾರಕ್ಕೆ ಎರಡು ಗೆರೆಗಳಾಗಿ ಮಡಚಿಕೊಂಡಿದ್ದವು. ತೆರೆದ ಬಾಯಲ್ಲಿ ಮೇಲೆರಡೇ ಹಲ್ಲು. ಗಲ್ಲದ ಕೆಳಗೆ ಒಂದೂವರೆ ಗೇಣು ಉದ್ದದ ಅಚ್ಚ ಬಿಳಿ ಗಡ್ಡ.

ಮೊದಲು ನಕ್ಕವನು ಅಂಗ್ರುಪ್. ತಡೆಯಲಾಗದೆ ಬುತಿತ್ ನಕ್ಕಳು. ಇನ್‌ಸ್ಪೆಕ್ಟರ್ ತುಟಿ ಕಚ್ಚಿ ನೋಡಿದರು, ಆಗಲಿಲ್ಲ. "ನನ್ನ ಬಾಲ! ಅದು ನನ್ನ ಬಾಲ!" ಎಂದು ಅರಚುತ್ತ ನುಗ್ಗಿದ ಚೋಫೆಲ್ ಮುಖವಾಡದ ಮುಂದೆ ಬಂದವನೇ ನಿಂತುಬಿಟ್ಟ. ಅವನ ಗಲ್ಲ ಅದುರಿತು. ಆಮೇಲೆ ಹೊಟ್ಟೆಯ ಒಳಗಿನಿಂದ ಎಲ್ಲಿಯದೋ ಒಂದು ನಗು ಬಂತು; ತಾನು ದೂರುದಾರ ಎಂದು ನೆನಪಾಗುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು.

"ಹಳೇದೆಲ್ಲಿ?" ಇನ್‌ಸ್ಪೆಕ್ಟರ್ ಕೇಳಿದರು.

ಪಾಲ್ಕಿತ್ ಕರ್ಪೊನತ್ತ ಬೆರಳು ತೋರಿಸಿದಳು. "ಅವನ ಹೊಟ್ಟೇಲಿ."

ಆಗಸ್ಟ್ ಇಪ್ಪತ್ತೊಂಬತ್ತರ ಮಧ್ಯಾಹ್ನ ಮೂರಕ್ಕೆ ಅವಳು ಕೆನ್ನೆಯ ಬಿರುಕಿಗೆ ಹೊಸ ಸರೇಸು ತುಂಬಿ ಮಾಳಿಗೆಯ ಬಿಸಿಲಿಗೆ ಇಟ್ಟಿದ್ದಳು. ಪಾತ್ರೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಗೂಳಿ ಹಣೆಯವರೆಗೂ ತಿಂದಿತ್ತು. ಎಂಬತ್ತು ವರ್ಷದ ಸರೇಸು, ಬಣ್ಣ, ಬಟ್ಟೆ, ಗಡ್ಡ ಎಲ್ಲವೂ ಹೋಗಿದ್ದವು. ಅವಳು ಗೂಡಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದಳು. ಒಳಗೆ ಒಂದು ಕಿವಿ ಇತ್ತು. ಉಳಿದದ್ದು ಅಷ್ಟೇ.

ಚೋಫೆಲ್‌ನ ಮುಖ ಬಿಳಿಚಿತು. "ಮುದುಕನ್ನ ತಿಂದನಾ? ನನ್ನ ಕರ್ಪೊ?" ಎಂದವನು ಇನ್‌ಸ್ಪೆಕ್ಟರ್ ಕಡೆ ತಿರುಗಿದ. "ಸಾಹೇಬ್ರೆ, ಕೇಸು ವಾಪಸ್."

"ಎಫ್‌ಐಆರ್ ಸ್ಲೇಟಿನ ಮೇಲೆ ಬರೆಯಲ್ಲ ಅಚೊ. ರಾಜಿ ಆಗೋದಾದ್ರೆ ಕೋರ್ಟಲ್ಲಿ ಆಗಿ. ಕಳವಾಗಿದೆ, ಮಾಲು ಸಿಕ್ಕಿದೆ, ತೆಗೆದವಳು ಒಪ್ಕೊಂಡಿದಾಳೆ."

"ಹಾಗಾದ್ರೆ ಗಡ್ಡ ಕೀಳಬೇಕಾ ಸಾಹೇಬ್ರೆ?" ಬುತಿತ್ ಕೇಳಿದಳು.

"ಗಡ್ಡ ಕಿತ್ರೆ ಊರು ನನ್ನನ್ನ ಕಿತ್ತು ಹಾಕುತ್ತೆ. ಮೂರು ಎಳೆ ಮಾದರಿ ತಗೋ. ಉಳಿದದ್ದು ದೂರುದಾರರ ವಶಕ್ಕೆ ಅಂತ ಬರಿ. ದೂರುದಾರರು ಅದನ್ನ ಎಲ್ಲಿ ಇಡ್ತೀರಿ?"

ಚೋಫೆಲ್ ಮುಖವಾಡವನ್ನು ಒಮ್ಮೆ ನೋಡಿದ. "ಅಲ್ಲೇ ಇರ್ಲಿ," ಎಂದ.

ಸಂಜೆ ನಾಲ್ಕು ನಲವತ್ತಕ್ಕೆ, ಸೂರ್ಯ ಮುಳುಗಲು ಇನ್ನೂ ಹೊತ್ತಿರುವಾಗ, ಮಹಿಳಾ ಕಾನ್‌ಸ್ಟೆಬಲ್ ಬುತಿತ್ ಪಾಲ್ಕಿತ್‌ಳನ್ನು ಬಂಧಿಸಿದಳು. ಬಂಧನ ಪತ್ರಕ್ಕೆ ಚೋಫೆಲ್‌ನ ಹೆಂಡತಿ ಸಾಕ್ಷಿ ಹಾಕಿದಳು. ಜೀಪಿನಲ್ಲಿ ಆರೋಪಿ, ಪೊಲೀಸರು, ದೂರುದಾರ ಎಲ್ಲ ಒತ್ತಾಗಿ ಕೂತರು. ಕರ್ಪೊ ತಿರುವಿನವರೆಗೂ ಹಿಂದೆ ಓಡಿ ಬಂತು.

ಠಾಣೆಯಲ್ಲಿ ಐದೂಕಾಲಿಗೆ ಹೇಳಿಕೆ ಬರೆಯಲು ಕೂತರು. ಹೊರಗಿನ ಬೆಂಚಿನಲ್ಲಿ ಚೋಫೆಲ್ ಜಾಮೀನು ಕಾಗದ ತುಂಬಿಸುತ್ತಿದ್ದ. ಜಾಮೀನುದಾರನೂ ಅವನೇ.

"ಬಾಲ ಯಾಕೆ ಕದ್ದೆ? ಕೇಳಿದ್ರೆ ಎರಡು ಎಳೆ ಕೊಡ್ತಿದ್ನಲ್ಲ," ಎಂದರು ಇನ್‌ಸ್ಪೆಕ್ಟರ್.

"ಕೇಳಿದ್ರೆ ಯಾತಕ್ಕೆ ಅಂತಿದ್ದ. ಹೇಳಬೇಕಾಗ್ತಿತ್ತು. ಮತ್ತೆ ಗಡ್ಡ ತಿಂದೋನು ಗಡ್ಡ ಕೊಡ್ಲಿ ಅಂತಾನೂ ಅನ್ನಿಸ್ತು. ಒಂದು ಹಿಡಿ ಸರೇಸು ನೆಕ್ಕೋಕೆ ಕೊಟ್ಟೆ. ನಿಂತ್ಕೊಂಡ."

"ಗೊಂಪಾಕ್ಕೆ ಹೇಳಬಹುದಿತ್ತು."

"ಫೈಬರ್ ಬರ್ತಿತ್ತು."

"ಮಾವನಿಗೆ ಫೋನ್ ಮಾಡಬಹುದಿತ್ತು."

"ಕಣ್ಣಿಗೆ ಪಟ್ಟಿ ಕಟ್ಕೊಂಡು ಮಲಗಿದಾರೆ. ಅಪ್ಪ ಮಾಡಿದ ಮುಖ ಹೋಯ್ತು ಅಂತ ಅತ್ತುಬಿಟ್ರೆ? ಅಳಬಾರ್ದು ಅಂತ ಡಾಕ್ಟರ್ ಹೇಳಿದ್ರು."

"ಸೊಸೆ ಮುಖ ಮಾಡಬಾರದು ಅಂತ ನಿಮ್ಮನೇಲಿ ನಿಯಮ ಇತ್ತಾ?"

"ಬೇಡ ಅಂತ ಯಾರೂ ಅಂದಿಲ್ಲ. ಮಾಡು ಅಂತಾನೂ ಅಂದಿಲ್ಲ. ಬಟ್ಟೆ ಹರಿದು ಕೊಡ್ತಿದ್ದೆ, ಕಲ್ಲು ಅರೀತಿದ್ದೆ, ಸರೇಸು ಕಾಯಿಸ್ತಿದ್ದೆ. ಮಾವನ ಕೈಯಲ್ಲಿ ಮೂಗು ಏಳೋದನ್ನ ನೋಡ್ತಿದ್ದೆ."

"ಹಳೇ ಮುದುಕನ ತರಾನೇ ಮಾಡೋಕೆ ಕೂತೆಯಾ?"

"ಹೂಂ. ಯಾರಿಗೂ ಗೊತ್ತಾಗಬಾರ್ದಲ್ಲ. ಆದ್ರೆ ಅವನು ಬಾಯಿ ಮುಚ್ಕೊಂಡು ನಗ್ತಿದ್ದ. ಇವನು ಬಾಯಿ ತೆಗೆದುಬಿಟ್ಟ. ಎರಡು ಸಲ ಮಣ್ಣು ಒತ್ತಿ ಮುಚ್ಚಿದೆ. ಮತ್ತೆ ತೆಗೆದ. ಬಿಟ್ಟುಬಿಟ್ಟೆ."

ಅಂಗ್ರುಪ್ ಬರೆದುಕೊಳ್ಳುತ್ತಿದ್ದ. ಹೇಳಿಕೆ ಮುಗಿಯಿತೆಂದು ಅವನು ಕೆಳಗೆ ಗೆರೆ ಎಳೆಯುವಾಗ ಪಾಲ್ಕಿತ್ ತಡೆದಳು.

"ಇನ್ನೊಂದಿದೆ ಸಾಹೇಬ್ರೆ. ಕಳ್ಳತನಕ್ಕಿಂತ ಅದೇ ದೊಡ್ಡ ತಪ್ಪು ಅನ್ಸುತ್ತೆ." ಅವಳು ತನ್ನ ಕೈಗಳನ್ನು ನೋಡಿಕೊಂಡಳು. "ಅವತ್ತು ಮಾಳಿಗೆ ಮೇಲೆ ಬಂದು ನೋಡಿದಾಗ, ಗೂಳಿ ಬಾಯಿಂದ ಆ ಕಿವಿ ನೇತಾಡ್ತಿತ್ತು. ನಾನು ಕೂಗ್ಕೋಬೇಕಿತ್ತು. ಕೂಗ್ಕೊಂಡಿಲ್ಲ. ಒಂದು ಗಳಿಗೆ ನನಗೆ ಸಂತೋಷ ಆಯ್ತು. ಇನ್ನು ಹೊಸದು ಮಾಡ್ಲೇಬೇಕು, ಮಾಡೋಕೆ ಮನೇಲಿ ನನ್ನ ಬಿಟ್ರೆ ಯಾರೂ ಇಲ್ಲ ಅಂತ. ಪಾಪ ಬರುತ್ತಾ?"

ಇನ್‌ಸ್ಪೆಕ್ಟರ್ ಮುಂದಿದ್ದ ಡೈರಿ ಮುಚ್ಚಿದರು.

"ನನಗೆ ಗೊತ್ತಿಲ್ಲ ನೊಮೊ. ಲಾಮಾ ತಾರ್ಚಿನ್‌ರನ್ನ ಕೇಳು. ಅಂಗ್ರುಪ್, ಅದನ್ನೂ ಬರಿ."

"ಸಂತೋಷ ಆಯಿತು ಅಂತಾನೇ ಬರೀಲಾ?"

"ಅವಳು ಹೇಳಿದ ಹಾಗೇ ಬರಿ."

ಆರು ಹತ್ತಕ್ಕೆ ಜಾಮೀನಿನ ಮೇಲೆ ಅವಳನ್ನು ಬಿಟ್ಟರು. ಹಣೆಗೆ ಬಣ್ಣ ಹಾಕುವುದು ಬಾಕಿಯಿದೆ ಎಂದು ಅವಳು ಚಹಾಕ್ಕೂ ನಿಲ್ಲಲಿಲ್ಲ. ಮೆಮೆ ಇಶೆ ಹತ್ತನೇ ತಾರೀಖಿನ ಬಸ್ಸಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಬಂದಿಳಿದರು. ಸೊಸೆ ಎಲ್ಲವನ್ನೂ ಹೇಳಿದಳು. ಮುದುಕರು, ಹೊಸ ಮುಖವನ್ನು ಇಲ್ಲಿ ನೋಡುವುದಿಲ್ಲ, ಕುಣಿಯುವಾಗಲೇ ನೋಡುತ್ತೇನೆ ಎಂದಷ್ಟೇ ಹೇಳಿದರು. ರಾಜಿ ಅರ್ಜಿಗೆ ಇಪ್ಪತ್ತೊಂದಕ್ಕೆ ದಿನ ಗೊತ್ತಾಯಿತು.

ಹದಿಮೂರರಂದು ಇಡೀ ಠಾಣೆಗೆ ಲುಂಗ್ಮೆಯಲ್ಲಿ ಬಂದೋಬಸ್ತು. ತುತ್ತೂರಿಗಳು ಊದಿದವು, ಕಾವಲು ದೇವರುಗಳು ಬಂದು ಕಾಲಪ್ಪಳಿಸಿ ಹೋದವು. ಹನ್ನೊಂದೂಮುಕ್ಕಾಲಿಗೆ ಬಾಗಿಲ ಪರದೆ ಸರಿದು ನಗುವ ಮುದುಕ ಹೊರಗೆ ಬಂದ, ಎರಡೇ ಹಲ್ಲು ತೋರಿಸಿಕೊಂಡು. ಇವನು ಹಳಬನಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಆಮೇಲೆ ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ ಕಿಸಕ್ಕನೆ ನಕ್ಕಳು, ಅವಳ ಪಕ್ಕದವಳು ನಕ್ಕಳು, ನಗು ಮೆಟ್ಟಿಲಿಂದ ಮೆಟ್ಟಿಲಿಗೆ ಏರಿ ಮಾಳಿಗೆಗಳ ಮೇಲಿದ್ದವರನ್ನೂ ಹಿಡಿಯಿತು. ಮಕ್ಕಳು ಗಡ್ಡ ಹಿಡಿಯಲು ಓಡಿದರು. ಚೋಫೆಲ್ ಅಧ್ಯಕ್ಷರ ಕುರ್ಚಿಯಿಂದ ಎದ್ದು ನಿಂತು, "ಮೆಲ್ಲಗೆ ಎಳೀರೋ, ಅದು ನಮ್ಮ ಕರ್ಪೊಂದು!" ಎಂದು ಕೂಗಿ ಕೂಗಿ ಗಂಟಲು ಕಟ್ಟಿಕೊಂಡ.

ಪಾಲ್ಕಿತ್ ಹೆಂಗಸರ ಸಾಲಿನ ತುದಿಯಲ್ಲಿ ಮಾವನ ಪಕ್ಕ ಕೂತಿದ್ದಳು. ಮೆಮೆ ಇಶೆ ಕಪ್ಪು ಕನ್ನಡಕ ತೆಗೆದು, ಹೊಸ ಕಣ್ಣುಗಳನ್ನು ಕಿರಿದು ಮಾಡಿ, ಮುಖವಾಡ ಅಂಗಳದ ಮೂರು ಸುತ್ತು ಬರುವವರೆಗೂ ನೋಡಿದರು.

"ಎಡಗಡೆ ಹುಬ್ಬು ಸ್ವಲ್ಪ ಮೇಲೆ ಹೋಗಿದೆ," ಎಂದರು.

"ಬೇಕಂತಲೇ ಹಾಗೆ ಮಾಡಿದ್ದು, ಮೆಮೆ."

ಮುದುಕರು ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಹಾಗಾದ್ರೆ ಸರಿ," ಎಂದರು.